ಜೀಪಿನ ವೈಪರ್, ಎರಡು ಅನಂತಗಳು: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದಲ್ಲಿ ಮೂರು ಜನ ಇದ್ದಾರೆ. ಒಬ್ಬಳು ಎಂ.ಎಸ್ಸಿ. ಗಣಿತ ಓದುತ್ತಿದ್ದ ವಿದ್ಯಾರ್ಥಿನಿ, ಸೋಮವಾರಪೇಟೆ ಕಡೆಯವಳು. ಇನ್ನೊಬ್ಬರು ಅವಳ ಸೋದರಮಾವ. ಗ್ಯಾರೇಜ್ ಇಟ್ಟಿದ್ದಾರೆ, ತೋಟದ ಜೀಪುಗಳ ಕೆಲಸವೇ ಜಾಸ್ತಿ. ಮೂರನೆಯವನು ನಾನು, ಅವಳ ಪ್ರಾಜೆಕ್ಟಿಗೆ ಹೊರಗಿನಿಂದ ಸಲಹೆ ಕೊಡಲು ಒಪ್ಪಿಕೊಂಡವನು. ಹೆಸರು, ಕಾಲೇಜು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಜೀಪಿನ ಅಳತೆಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಎಂದು ಪೂರ್ಣಾಂಕಗಳಿಗೆ ಬದಲಿಸಿದ್ದೇನೆ. ಗಣಿತ ಮಾತ್ರ ಇದ್ದ ಹಾಗೇ ಇದೆ.

ಅವಳಿಗೆ ಬೀಜಗಣಿತೀಯ ರೇಖಾಗಣಿತ, ಅಂದರೆ ಬಹುಪದಿ ಸಮೀಕರಣಗಳಿಂದ ಹುಟ್ಟುವ ಆಕಾರಗಳ ಗಣಿತ, ಇಷ್ಟ. ಆದರೆ ಪುಸ್ತಕದ ಉದಾಹರಣೆಗಳನ್ನೇ ಮತ್ತೆ ಬರೆಯುವುದು ಬೇಡ, ಕಣ್ಣಿಗೆ ಕಾಣುವ ಒಂದು ವಸ್ತು ಬೇಕು ಎಂದಳು. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ವೈಪರ್ ಕೆಲಸ ಮಾಡದಿದ್ದರೆ ಜೀಪ್ ಹೊರಗೆ ತೆಗೆಯುವ ಹಾಗಿಲ್ಲ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಂತೂ ಮಾವನ ಗ್ಯಾರೇಜಿಗೆ ವೈಪರ್ ರಿಪೇರಿಗೇ ಗಾಡಿಗಳು ಬರುತ್ತವೆ. ಅವಳು ಚಿಕ್ಕಂದಿನಿಂದ ನೋಡಿದ ಯಂತ್ರ ಅದು. ಅದನ್ನೇ ಆರಿಸಿದಳು.

ಯಂತ್ರ ಸರಳ. ಮೋಟರಿನ ತುದಿಯಲ್ಲಿ ಒಂದು ಚಿಕ್ಕ ಕ್ರ್ಯಾಂಕ್ ಸುತ್ತುತ್ತದೆ. ಅದಕ್ಕೆ ಒಂದು ರಾಡ್ ಸಿಕ್ಕಿಸಿದೆ. ರಾಡಿನ ಇನ್ನೊಂದು ತುದಿ ವೈಪರ್ ಸ್ಪಿಂಡಲ್‌ಗೆ ಕೂರಿಸಿದ ತೋಳಿಗೆ ಸೇರುತ್ತದೆ. ಮೋಟರಿನಿಂದ ಸ್ಪಿಂಡಲ್ ತನಕ ಇರುವ ಗಾಡಿಯ ಬಾಡಿ ನಾಲ್ಕನೇ ಕೊಂಡಿ. ಕ್ರ್ಯಾಂಕ್ ಪೂರ್ತಿ ಸುತ್ತು ಹೊಡೆಯುತ್ತದೆ, ತೋಳು ಹೋಗಿ ಬಂದು ಮಾಡುತ್ತದೆ. ನಮ್ಮ ಲೆಕ್ಕದಲ್ಲಿ ಕ್ರ್ಯಾಂಕ್ 1, ರಾಡ್ 4, ತೋಳು 2, ಬಾಡಿ 4. ಮೋಟರಿನಿಂದ ಸ್ಪಿಂಡಲ್ ಕಡೆಗೆ ಒಂದು ಗೆರೆ ಎಳೆದು ಎರಡೂ ಕೋನಗಳನ್ನು ಅದರಿಂದಲೇ ಅಳೆಯಬೇಕು.

ಕ್ರ್ಯಾಂಕಿನ ತುದಿಗೂ ತೋಳಿನ ತುದಿಗೂ ಇರುವ ದೂರ ಯಾವಾಗಲೂ 4. ಇಷ್ಟೇ ನಿಯಮ. ಕೋನಗಳನ್ನು ಹಾಗೇ ಇಟ್ಟರೆ ಕೊಸೈನ್‌ಗಳು ಬರುತ್ತವೆ. ಅದರ ಬದಲು ಕ್ರ್ಯಾಂಕ್ ಕೋನದ ಅರ್ಧದ ಟ್ಯಾನ್ ಅನ್ನು ತ ಎಂದೂ, ತೋಳಿನ ಕೋನದ ಅರ್ಧದ ಟ್ಯಾನ್ ಅನ್ನು ಸ ಎಂದೂ ಕರೆದರೆ ಬಹುಪದಿ ಸಮೀಕರಣ ಸಿಗುತ್ತದೆ:

9 + 33ತ² − 15ಸ² − 7ತ²ಸ² − 16ತಸ = 0

ಇಲ್ಲಿವರೆಗೆ ಅವಳು ಒಬ್ಬಳೇ ಮಾಡಿದ್ದಳು, ಸರಿಯಾಗಿಯೇ ಮಾಡಿದ್ದಳು. ಪರೀಕ್ಷಿಸುವುದೂ ಸುಲಭ. ತ = 0 ಹಾಕಿದರೆ ಸ² = 0.6. ಅಂದರೆ ಕ್ರ್ಯಾಂಕ್ ಸ್ಪಿಂಡಲ್ ಕಡೆಗೆ ಮುಖ ಮಾಡಿದಾಗ ತೋಳು ಸುಮಾರು 75.5 ಡಿಗ್ರಿಯಲ್ಲಿ, ಗೆರೆಯ ಈ ಕಡೆ ಇಲ್ಲವೇ ಆ ಕಡೆ ಇರುತ್ತದೆ. ಕೈವಾರ ಹಿಡಿದು ಕಾಗದದ ಮೇಲೆ ಎಳೆದರೂ ಅದೇ ಬರುತ್ತದೆ.

ತೊಡಕು ಎಲ್ಲಿ ಶುರುವಾಯಿತು

ಅವಳು ಈ ವಕ್ರರೇಖೆಯನ್ನು ಪ್ರೊಜೆಕ್ಟಿವ್ ಸಮತಲಕ್ಕೆ, ಅಂದರೆ ಮಾಮೂಲಿ ಸಮತಲಕ್ಕೆ ಅನಂತದ ಬಿಂದುಗಳನ್ನೂ ಸೇರಿಸಿದ ಜಾಗಕ್ಕೆ, ಏರಿಸಿದಳು. ತರಗತಿಯಲ್ಲಿ ಕಲಿಸುವುದೇ ಹಾಗೆ. ಎರಡು ಚರಗಳ ಸಮೀಕರಣ ಸಿಕ್ಕರೆ ಮೂರನೇ ಚರ ಸೇರಿಸಿ ಎಲ್ಲಾ ಪದಗಳನ್ನೂ ಒಂದೇ ಘಾತಕ್ಕೆ ತರುವುದು. ಇಲ್ಲಿ ದೊಡ್ಡ ಪದ ತ²ಸ², ಆದ್ದರಿಂದ ಘಾತ 4. ಸಮತಲದಲ್ಲಿ ಘಾತ 4ರ ನಯವಾದ (ಎಲ್ಲೂ ಮೊನೆಯಾಗದ, ತನ್ನನ್ನು ತಾನು ದಾಟದ) ವಕ್ರರೇಖೆಯ ಜೀನಸ್ 3. ಸಂಕೀರ್ಣ ಸಂಖ್ಯೆಗಳ ಮೇಲೆ ವಕ್ರರೇಖೆ ಒಂದು ಮೇಲ್ಮೈ ಆಗುತ್ತದೆ, ಅದರಲ್ಲಿ ಎಷ್ಟು ತೂತು ಇದೆ ಅನ್ನುವುದೇ ಜೀನಸ್. ವರದಿಯ ಮೊದಲ ಕರಡಿನಲ್ಲಿ 3 ಎಂದೇ ಬರೆದಿದ್ದಳು.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು ಇತ್ತು. ನಕ್ಷೆ ಎಳೆದಾಗ ಎರಡು ಅಲೆಯಂಥ ಗೆರೆಗಳು ಬಂದವು. ಒಂದು ಮೇಲೆ, ಸ ಧನವಾಗಿರುವ ಕಡೆ. ಇನ್ನೊಂದು ಕೆಳಗೆ. ಎರಡೂ ಎಡಕ್ಕೂ ಬಲಕ್ಕೂ ಕೊನೆಯಿಲ್ಲದೆ ಹೋಗುತ್ತವೆ. ತ ತುಂಬಾ ದೊಡ್ಡದಾದಾಗ ಮೇಲಿನದು ಸ = 2.17 ಹತ್ತಿರ, ಕೆಳಗಿನದು ಸ = −2.17 ಹತ್ತಿರ ನಿಲ್ಲುತ್ತದೆ. ಪ್ರೊಜೆಕ್ಟಿವ್ ಸಮತಲದಲ್ಲಿ ಸಮಾಂತರ ಗೆರೆಗಳು ಅನಂತದಲ್ಲಿ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಹಾಗಾಗಿ ಈ ಎರಡು ಗೆರೆಗಳೂ ಅಲ್ಲಿ ಸೇರಬೇಕು. ತ ಅನಂತ ಅಂದರೆ ಕ್ರ್ಯಾಂಕ್ 180 ಡಿಗ್ರಿಯಲ್ಲಿದೆ ಎಂದರ್ಥ. ಅವಳ ತೀರ್ಮಾನ ಹೀಗಿತ್ತು: ಕ್ರ್ಯಾಂಕ್ 180 ಡಿಗ್ರಿಗೆ ಬಂದಾಗ ವೈಪರ್ ತೋಳು ಗೆರೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಬಲ್ಲದು.

ಇದನ್ನು ಅವಳು ಖುಷಿಯಿಂದಲೇ ಗ್ಯಾರೇಜಿನಲ್ಲಿ ಹೇಳಿದಳು. ಮಾವ ಕೇಳಿಸಿಕೊಂಡು, ರಾಡ್ ಬಿಚ್ಚಿಟ್ಟಿದ್ದ ಒಂದು ಜೀಪಿನ ಹತ್ತಿರ ಕರೆದುಕೊಂಡು ಹೋದರು. "ನೋಡು ಮಗಾ, ಈ ರಾಡ್ ಬಿಚ್ಚದೆ ತೋಳು ಆ ಕಡೆ ಹೋಗಲ್ಲ. ನೀನು ಮೋಟರ್ ಎಷ್ಟು ಸುತ್ತು ಹೊಡೆಸಿದ್ರೂ ಅಷ್ಟೇ. ಆ ಕಡೆ ಬೇಕು ಅಂದ್ರೆ ಬಿಚ್ಚಿ ತಿರುಗಿಸಿ ಹಾಕ್ಬೇಕು."

ನನ್ನ ಪ್ರಕಾರ ಈ ಪ್ರಕರಣದ ಮೊದಲ ತಿರುವು ಇದೇ. ಅವಳು ಮಾವನ ಮಾತನ್ನು ತಳ್ಳಿಹಾಕಲಿಲ್ಲ. ಲೆಕ್ಕ ತಪ್ಪು ಎಂದು ಕೈಬಿಡಲೂ ಇಲ್ಲ. ನನಗೆ ಫೋನ್ ಮಾಡಿ, "ಸರ್, ಸಮೀಕರಣ ಸರಿ ಇದೆ, ಮಾವ ಹೇಳೋದೂ ಸರಿ ಇದೆ, ಹಾಗಾದ್ರೆ ತಪ್ಪು ಎಲ್ಲಿದೆ?" ಎಂದಳು. ಸಂಶೋಧನೆಗೆ ಬರುವ ಎಲ್ಲರೂ ಇಷ್ಟು ಶುದ್ಧವಾಗಿ ಪ್ರಶ್ನೆ ಕೇಳುವುದಿಲ್ಲ.

ಏನೇನು ಪ್ರಯತ್ನಿಸಿದೆವು

ಮೊದಲು ಅವಳೇ ಒಂದು ಉಪಾಯ ಹೂಡಿದಳು. ಕೋನ ಅಳೆಯುವ ಗೆರೆಯನ್ನು ಸ್ವಲ್ಪ ತಿರುಗಿಸಿದರೆ ಅನಂತ ಬೇರೆ ಜಾಗಕ್ಕೆ ಹೋಗುತ್ತದೆ, ಆಗ ತೊಂದರೆ ತಪ್ಪುತ್ತದೆ ಅಲ್ವಾ? ತೋಳಿನ ಮಟ್ಟಿಗೆ ಇದು ನಡೆಯುತ್ತದೆ. ತೋಳು ಸುಮಾರು 71.8 ಡಿಗ್ರಿಯಿಂದ 133.4 ಡಿಗ್ರಿ ತನಕ ಮಾತ್ರ ಆಡುತ್ತದೆ, 180 ಮುಟ್ಟುವುದೇ ಇಲ್ಲ. ಆದರೆ ಕ್ರ್ಯಾಂಕ್ ಪೂರ್ತಿ ಸುತ್ತುತ್ತದೆ. ಗೆರೆಯನ್ನು ಎಲ್ಲಿಗೆ ತಿರುಗಿಸಿದರೂ ಒಂದು ಸುತ್ತಿನಲ್ಲಿ ಒಂದು ಸಲ ಅನಂತ ದಾಟಲೇಬೇಕು. ಒಂದು ವೃತ್ತವನ್ನು ಹರಿಯದೆ ನೇರ ಗೆರೆಯ ಮೇಲೆ ಹಾಸಲು ಬರುವುದಿಲ್ಲ.

ಎರಡನೇ ದಾರಿ, ಸಮತಲದಲ್ಲೇ ಉಳಿದು ರಿಪೇರಿ ಮಾಡುವುದು. ಅನಂತದಲ್ಲಿ ಈ ವಕ್ರರೇಖೆ ಎರಡು ಬಿಂದುಗಳಲ್ಲಿ ತನ್ನನ್ನೇ ತಾನು ದಾಟುತ್ತದೆ. ಒಂದು ತ ದಿಕ್ಕಿನ ಅನಂತ, ಇನ್ನೊಂದು ಸ ದಿಕ್ಕಿನ ಅನಂತ. ಅಂಥ ಪ್ರತಿ ಬಿಂದುವೂ ಜೀನಸ್‌ನಿಂದ 1 ಕಳೆಯುತ್ತದೆ. 3 − 2 = 1. ಕಂಪ್ಯೂಟರಿನಲ್ಲಿ ನೋಡಿದಾಗ ಒಂದು ಆಜ್ಞೆ 3 ಕೊಟ್ಟು ಇನ್ನೊಂದು 1 ಕೊಟ್ಟಿದ್ದು ಇದಕ್ಕೇ. ಮೊದಲನೆಯದು ಅಂಕಗಣಿತೀಯ ಜೀನಸ್, ಎರಡನೆಯದು ದಾಟುವ ಬಿಂದುಗಳನ್ನು ಬಿಡಿಸಿದ ಮೇಲಿನ ಜ್ಯಾಮಿತೀಯ ಜೀನಸ್. ಈ ದಾರಿಯಲ್ಲಿ ಸರಿ ಉತ್ತರ ಬರುತ್ತದೆ. ಆದರೆ ಅಳತೆ ಬದಲಾದಾಗಲೆಲ್ಲಾ ಅನಂತದಲ್ಲಿ ಏನಾಗಿದೆ ಎಂದು ಮತ್ತೆ ಮತ್ತೆ ಹುಡುಕಬೇಕು. ಯಂತ್ರಕ್ಕೂ ಆ ದಾಟುವ ಬಿಂದುಗಳಿಗೂ ಸಂಬಂಧವೇ ಇಲ್ಲ.

ಮೂರನೇ ದಾರಿಯೇ ನಾವು ಹಿಡಿದದ್ದು. ಕ್ರ್ಯಾಂಕಿನ ಕೋನ ಒಂದು ವೃತ್ತ. ತೋಳಿನ ಕೋನ ಇನ್ನೊಂದು ವೃತ್ತ. ಎರಡಕ್ಕೂ ತಮ್ಮದೇ ಅನಂತ ಬೇಕು. ಅಂದರೆ ತ ಒಂದು ಪ್ರೊಜೆಕ್ಟಿವ್ ರೇಖೆಯ (ಮಾಮೂಲಿ ಗೆರೆಗೆ ಅನಂತದ ಒಂದು ಬಿಂದು ಸೇರಿಸಿದ್ದು) ಮೇಲೆ, ಸ ಇನ್ನೊಂದು ಪ್ರೊಜೆಕ್ಟಿವ್ ರೇಖೆಯ ಮೇಲೆ. ವಕ್ರರೇಖೆ ಇರಬೇಕಾದದ್ದು ಆ ಎರಡು ರೇಖೆಗಳ ಗುಣಲಬ್ಧದಲ್ಲಿ, ಅಂದರೆ (ತ, ಸ) ಜೋಡಿಗಳೆಲ್ಲಾ ಸೇರಿದ ಜಾಗದಲ್ಲಿ. ತ = ತ₁/ತ₀, ಸ = ಸ₁/ಸ₀ ಎಂದು ಬರೆದರೆ ಸಮೀಕರಣ ಹೀಗಾಗುತ್ತದೆ:

9ತ₀²ಸ₀² + 33ತ₁²ಸ₀² − 15ತ₀²ಸ₁² − 7ತ₁²ಸ₁² − 16ತ₀ತ₁ಸ₀ಸ₁ = 0

ಪ್ರತಿ ಪದದಲ್ಲೂ ತ ಗಳ ಘಾತ 2, ಸ ಗಳ ಘಾತ 2. ಇದನ್ನು ಜೋಡಿ ಘಾತ (2, 2) ಎನ್ನೋಣ. ಪ್ರೊಜೆಕ್ಟಿವ್ ಸಮತಲ ಎರಡೂ ಚರಗಳಿಗೆ ಒಂದೇ ಅಳತೆಗೋಲು ಕೊಡುತ್ತದೆ. ಇಲ್ಲಿ ತ ಗೆ ಒಂದು, ಸ ಗೆ ಇನ್ನೊಂದು. ಎರಡೂ ಸ್ವತಂತ್ರ.

ಈಗ ತ ಅನಂತ ಅಂದರೆ ತ₀ = 0. ಉಳಿಯುವುದು 33ಸ₀² = 7ಸ₁². ಅಂದರೆ ಸ = 2.17 ಅಥವಾ ಸ = −2.17, ಎರಡು ಬೇರೆ ಬೇರೆ ಬಿಂದುಗಳು. ತೋಳು ಸುಮಾರು 130.5 ಡಿಗ್ರಿಯಲ್ಲಿ, ಈ ಕಡೆ ಒಂದು, ಆ ಕಡೆ ಒಂದು. ಎರಡು ಗೆರೆಗಳು ಸೇರುವುದೇ ಇಲ್ಲ. ಪ್ರತಿಯೊಂದೂ ತನ್ನ ಪಾಡಿಗೆ ಸುತ್ತು ಮುಗಿಸಿ ಮುಚ್ಚಿಕೊಳ್ಳುತ್ತದೆ. ಮಾವ ಹೇಳಿದ್ದು ಇದೇ ಮಾತು.

ಜೋಡಿ ಘಾತ (ಕ, ಖ) ಇರುವ ನಯವಾದ ವಕ್ರರೇಖೆಯ ಜೀನಸ್ (ಕ − 1)(ಖ − 1). (2, 2) ಗೆ 1 ಬರುತ್ತದೆ. ಉದ್ದಿನ ವಡೆಯ ಹಾಗೆ ಒಂದೇ ತೂತು. ಹಾರ್ನಾಕ್ ಎಂಬ ಜರ್ಮನ್ ಗಣಿತಜ್ಞ 1876ರಲ್ಲಿ ತೋರಿಸಿದ ಪ್ರಕಾರ ಜೀನಸ್ 1ರ ವಕ್ರರೇಖೆಗೆ ಹೆಚ್ಚೆಂದರೆ 2 ನೈಜ ತುಂಡುಗಳು ಇರಬಹುದು. ನಮ್ಮ ವೈಪರಿಗೆ ಸರಿಯಾಗಿ 2 ಇವೆ. ಡಾರ್ಬು ಎಂಬ ಫ್ರೆಂಚ್ ಗಣಿತಜ್ಞ 1879ರಲ್ಲೇ ನಾಲ್ಕು ಕೊಂಡಿಯ ಯಂತ್ರವನ್ನು ಎಲಿಪ್ಟಿಕ್ ಫಂಕ್ಷನ್‌ಗಳ ಮೂಲಕ ಬಿಡಿಸಿದ್ದ. ಜೀನಸ್ 1 ಆಗಿರುವುದರಿಂದಲೇ ಅದು ಸಾಧ್ಯವಾಯಿತು.

ಇಲ್ಲಿ ಒಂದು ಸಣ್ಣ ವಿವರ ನನಗೆ ತುಂಬಾ ಹಿಡಿಸಿತು. ತೋಳಿನ ಒಂದು ಕೋನಕ್ಕೆ ಕ್ರ್ಯಾಂಕಿನ ಎರಡು ಕೋನಗಳು ಹೊಂದುತ್ತವೆ, ಹೋಗುವಾಗ ಒಂದು, ಬರುವಾಗ ಒಂದು. ಈ ಎರಡೂ ಒಂದಾಗುವ ಜಾಗಗಳು ಜೀನಸ್ 1 ಆದರೆ ಒಟ್ಟು 4 ಇರಲೇಬೇಕು ಎಂದು ರೀಮಾನ್–ಹರ್ವಿಟ್ಜ್ ಸೂತ್ರ ಹೇಳುತ್ತದೆ. ಯಂತ್ರದಲ್ಲಿ ಆ 4 ಜಾಗಗಳು ಕಣ್ಣಿಗೇ ಕಾಣುತ್ತವೆ. ವೈಪರ್ ಗಾಜಿನ ಮೇಲೆ ತಿರುಗಿ ವಾಪಸ್ ಹೊರಡುವ ಎರಡು ತುದಿಗಳು, ಗೆರೆಯ ಆ ಕಡೆ ಅದೇ ಥರ ಇನ್ನೆರಡು. ಕ್ರ್ಯಾಂಕಿನ ಕಡೆಯಿಂದ ನೋಡಿದರೂ 4 ಇರಬೇಕು. ಆದರೆ ಅವೆಲ್ಲಾ ಸಂಕೀರ್ಣ ಬಿಂದುಗಳು, ಆದ್ದರಿಂದಲೇ ಕ್ರ್ಯಾಂಕ್ ಎಲ್ಲೂ ತಡೆಯದೆ ಸುತ್ತುತ್ತದೆ.

ನಿರ್ಧಾರವನ್ನು ಗಟ್ಟಿ ಮಾಡಿದ ಪರೀಕ್ಷೆ

ಒಂದೇ ಉದಾಹರಣೆಯಲ್ಲಿ ಹೊಂದಿತು ಅಂತ ಸಮತಲ ಬಿಟ್ಟು ಗುಣಲಬ್ಧಕ್ಕೆ ಜಾಗ ಬದಲಿಸಬಾರದು ಎಂದು ನಾನು ಹಟ ಹಿಡಿದೆ. ಎರಡು ಜಾಗಗಳೂ ಬೇರೆ ಬೇರೆ ಉತ್ತರ ಕೊಡುವ ಇನ್ನೊಂದು ಅಳತೆ ಹುಡುಕು ಎಂದೆ. ಅವಳು ಬಾಡಿಯ ಉದ್ದವನ್ನು 4ರಿಂದ 5ಕ್ಕೆ ಏರಿಸಿದಳು. ಸುಮ್ನೆ ಆರಿಸಿದ ಅಳತೆ ಅಲ್ಲ. ಆಗ ಅತಿ ಚಿಕ್ಕದು ಮತ್ತು ಅತಿ ಉದ್ದದ್ದು ಸೇರಿದರೆ 1 + 5 = 6. ಉಳಿದೆರಡು ಸೇರಿದರೆ 2 + 4 = 6. ಎರಡೂ ಸಮ. ಒಂದು ಕೊಂಡಿ ಪೂರ್ತಿ ಸುತ್ತಬಲ್ಲದೇ ಎಂದು ಹೇಳುವ ಗ್ರಾಶಾಫ್ ನಿಯಮದ ಗಡಿ ಇದೇ. ನಾಲ್ಕೂ ಕೊಂಡಿಗಳು ಒಂದೇ ಗೆರೆಯಲ್ಲಿ ಚಪ್ಪಟೆಯಾಗಿ ಮಲಗಬಲ್ಲವು.

ಹೊಸ ಸಮೀಕರಣ: 20 + 48ತ² − 12ಸ² − 16ತಸ = 0.

ತ²ಸ² ಪದ ಮಾಯವಾಯಿತು. ಸಮತಲದಲ್ಲಿ ಇದು ಘಾತ 2ರ ನಯವಾದ ಹೈಪರ್‌ಬೋಲಾ. ಅನಂತದಲ್ಲಿ ಎರಡು ಬೇರೆ ಬೇರೆ ಬಿಂದುಗಳ ಮೂಲಕ ಹೋಗುತ್ತದೆ, ಎಲ್ಲೂ ತನ್ನನ್ನು ತಾನು ದಾಟುವುದಿಲ್ಲ. ಸಮತಲ ಹೇಳುವುದು ಇಷ್ಟೇ. ಆದರೆ ಗುಣಲಬ್ಧದಲ್ಲಿ ಆ ಎರಡೂ ಬಿಂದುಗಳು ಒಂದೇ ಬಿಂದು, (ಅನಂತ, ಅನಂತ). ವಕ್ರರೇಖೆ ಅಲ್ಲಿ ತನ್ನನ್ನೇ ದಾಟುತ್ತದೆ. ಯಂತ್ರದಲ್ಲಿ ಇದು ಕ್ರ್ಯಾಂಕೂ ತೋಳೂ 180 ಡಿಗ್ರಿಯಲ್ಲಿ ಚಪ್ಪಟೆ ಮಲಗಿದ ಸ್ಥಿತಿ. ಅಲ್ಲಿಂದ ತೋಳು ಈ ಕಡೆಗೂ ಹೋಗಬಹುದು, ಆ ಕಡೆಗೂ ಹೋಗಬಹುದು. ಹಲಗೆ ತುಂಡು ಮತ್ತು ಮೊಳೆಗಳಲ್ಲಿ ಒಂದು ಮಾದರಿ ಮಾಡಿ ನೋಡಿದಳು. ಹಾಗೇ ಆಯಿತು.

ಬಾಡಿ 4 ಇದ್ದಾಗ ಸೇರದ್ದನ್ನು ಸಮತಲ ಸೇರಿಸಿತ್ತು. ಬಾಡಿ 5 ಆದಾಗ ಸೇರುವುದನ್ನು ಅದೇ ಸಮತಲ ಬೇರೆ ಮಾಡಿತು. ಎರಡೂ ಕಡೆ ತಪ್ಪು, ಅದೂ ವಿರುದ್ಧ ದಿಕ್ಕಿನಲ್ಲಿ. ಕಾರಣ ಒಂದೇ. ಸಮತಲದಿಂದ ಗುಣಲಬ್ಧಕ್ಕೆ ಹೋಗುವಾಗ ಅನಂತದ ಎರಡು ಬಿಂದುಗಳು ಉಬ್ಬಿ ಒಂದೊಂದು ಪೂರ್ತಿ ರೇಖೆ ಆಗುತ್ತವೆ. ಅನಂತದ ರೇಖೆ ಕುಗ್ಗಿ ಒಂದೇ ಬಿಂದು ಆಗುತ್ತದೆ. ಪಠ್ಯದಲ್ಲಿ ಇದು ಒಂದು ಸಾಲಿನ ಅಭ್ಯಾಸ ಲೆಕ್ಕ. ಅದರ ತೂಕ ಅವಳಿಗೆ ತಿಳಿದದ್ದು ಈ ಎರಡು ಜೀಪುಗಳಿಂದ.

ಅಡ್ಡ ಪರೀಕ್ಷೆಗೆ ಸೆಗ್ರೆ ನಕ್ಷೆಯನ್ನೂ ಬಳಸಿದೆವು. ಇಟಲಿಯ ಕೊರಾಡೊ ಸೆಗ್ರೆ (1863–1924) ಹೆಸರಿನಲ್ಲಿರುವ ನಕ್ಷೆ. ತ₀ಸ₀, ತ₀ಸ₁, ತ₁ಸ₀, ತ₁ಸ₁ ಎಂಬ ನಾಲ್ಕು ಗುಣಲಬ್ಧಗಳನ್ನು ನಾಲ್ಕು ಹೊಸ ಚರಗಳೆಂದು ಹಿಡಿದರೆ ಎರಡು ರೇಖೆಗಳ ಗುಣಲಬ್ಧ ಮೂರು ಆಯಾಮದ ಪ್ರೊಜೆಕ್ಟಿವ್ ಆಕಾಶದಲ್ಲಿ ಘಾತ 2ರ ಒಂದು ಮೇಲ್ಮೈ ಆಗಿ ಕೂರುತ್ತದೆ. ನಮ್ಮ ಸಮೀಕರಣವೂ ಹೊಸ ಚರಗಳಲ್ಲಿ ಘಾತ 2. ಎರಡು ಘಾತ 2ರ ಮೇಲ್ಮೈಗಳು ಕತ್ತರಿಸುವ ವಕ್ರರೇಖೆ ನಯವಾಗಿದ್ದರೆ ಜೀನಸ್ 1. ಉತ್ತರ ಹೊಂದಿತು. ಲೆಕ್ಕವನ್ನೆಲ್ಲಾ ಅಲ್ಲೇ ಮಾಡಬೇಕೆಂದು ಅವಳಿಗೆ ಅನ್ನಿಸಿತ್ತು. ನಾನು ಬೇಡ ಎಂದೆ. ಹೊಸ ಚರಗಳಿಗೆ ಹೋದರೆ ಕ್ರ್ಯಾಂಕ್ ಯಾವುದು ತೋಳು ಯಾವುದು ಎಂಬ ಗುರುತೇ ಹೋಗುತ್ತದೆ.

ಎರಡನೇ ರಾಡ್

ವರದಿ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಮಾವ ಒಂದು ಪ್ರಶ್ನೆ ಹಾಕಿದ್ದರು. ಕೆಲವು ಗಿರಾಕಿಗಳು ರಾಡ್ ಪದೇ ಪದೇ ಬಾಗುತ್ತದೆ ಎಂದು ಇನ್ನೊಂದು ರಾಡ್ ಹಾಕಿಸಿ ಗಟ್ಟಿ ಮಾಡಿ ಎನ್ನುತ್ತಾರಂತೆ. "ಹಾಕಿದ್ರೆ ಜಾಮ್ ಆಗುತ್ತೆ ಅಂತ ನಂಗೆ ಗೊತ್ತು. ಆದ್ರೆ ಎಷ್ಟು ಕಡೆ ಕೂರುತ್ತೆ ಅಂತ ನಿನ್ನ ಲೆಕ್ಕ ಹೇಳುತ್ತಾ?"

ಕ್ರ್ಯಾಂಕಿನ ಜಾಗದಲ್ಲೂ ತೋಳಿನ ಜಾಗದಲ್ಲೂ ಒಂದೊಂದು ತಗಡು ಇದೆ ಎಂದುಕೊಳ್ಳಿ. ಎರಡರಲ್ಲೂ ಇನ್ನೊಂದು ತೂತು ಕೊರೆದು ಎರಡನೇ ರಾಡ್ ಸಿಕ್ಕಿಸಬೇಕು. ಆಗ ಅದೇ ತ, ಅದೇ ಸ ನಡುವೆ ಇನ್ನೊಂದು (2, 2) ಸಮೀಕರಣ ಬರುತ್ತದೆ. ಎರಡೂ ಒಟ್ಟಿಗೆ ಹೊಂದುವ ಸ್ಥಿತಿಗಳೆಷ್ಟು ಎಂಬುದೇ ಪ್ರಶ್ನೆ.

ಅವಳು ಎರಡೂ ಸಮೀಕರಣಗಳನ್ನು ನಾಲ್ಕು ಚರಗಳಲ್ಲಿ ಕಂಪ್ಯೂಟರಿಗೆ ಕೊಟ್ಟು ಘಾತ ಕೇಳಿದಳು. ಬಂದದ್ದು 16. ಎರಡು ವಕ್ರರೇಖೆಗಳು ತಮ್ಮ ಘಾತಗಳನ್ನು ಗುಣಿಸಿದಷ್ಟು ಬಿಂದುಗಳಲ್ಲಿ ಸೇರುತ್ತವೆ ಎನ್ನುವ ಸಮತಲದ ಬೆಜೂ ಪ್ರಮೇಯವೂ 4 × 4 = 16 ಎನ್ನುತ್ತದೆ. ಎರಡು ಕಡೆಯಿಂದಲೂ ಒಂದೇ ಸಂಖ್ಯೆ ಬಂದಾಗ ನಂಬಿಬಿಡುವುದು ಸಹಜ. ಅವಳು ನಂಬಲಿಲ್ಲ. ಆ ಹೊತ್ತಿಗೆ ಗುಣಲಬ್ಧದಲ್ಲಿ ಎಣಿಸುವ ರೀತಿ ಅವಳಿಗೆ ಬಂದಿತ್ತು. ಕ್ರ್ಯಾಂಕನ್ನು ಒಂದು ಕೋನದಲ್ಲಿ ನಿಲ್ಲಿಸಿದ ಸ್ಥಿತಿಗಳದ್ದು ಒಂದು ವರ್ಗ, ತೋಳನ್ನು ಒಂದು ಕೋನದಲ್ಲಿ ನಿಲ್ಲಿಸಿದವುಗಳದ್ದು ಇನ್ನೊಂದು ವರ್ಗ. ಇಲ್ಲಿ ಗುಣಿಸುವುದೆಂದರೆ ಎಷ್ಟು ಬಿಂದುಗಳಲ್ಲಿ ಸೇರುತ್ತವೆ ಎಂದು ಎಣಿಸುವುದು. ಕ್ರ್ಯಾಂಕ್ ಒಟ್ಟಿಗೆ ಎರಡು ಕೋನದಲ್ಲಿ ಇರಲಾರದು, ಆದ್ದರಿಂದ ಮೊದಲ ವರ್ಗ ತನ್ನೊಂದಿಗೆ ಗುಣಿಸಿದರೆ ಸೊನ್ನೆ. ಎರಡನೆಯದೂ ಹಾಗೇ. ಒಂದನ್ನೊಂದು ಗುಣಿಸಿದರೆ 1. ಹೀಗೆ ಎರಡು (2, 2) ವಕ್ರರೇಖೆಗಳು 2 × 2 + 2 × 2 = 8 ಬಿಂದುಗಳಲ್ಲಿ ಸೇರಬೇಕು.

ಹಾಗಾದರೆ ಕಂಪ್ಯೂಟರಿನ 16 ಎಲ್ಲಿಂದ ಬಂತು? ಕಂಪ್ಯೂಟರಿಗೆ ತ₀, ತ₁, ಸ₀, ಸ₁ ನಾಲ್ಕೂ ಒಂದೇ ಥರದ ಚರಗಳು. ತ₀ ಮತ್ತು ತ₁ ಎರಡೂ ಸೊನ್ನೆ ಆದರೆ ಸಮೀಕರಣಗಳು ತಾವಾಗಿಯೇ ಸರಿಹೋಗುತ್ತವೆ. ಆದರೆ ಎರಡೂ ಸೊನ್ನೆ ಆದಾಗ ಅದು ಪ್ರೊಜೆಕ್ಟಿವ್ ರೇಖೆಯ ಬಿಂದುವೇ ಅಲ್ಲ. ಸ ಗಳಿಗೂ ಇದೇ ಮಾತು. ಈ ಎರಡು ಸುಳ್ಳು ಭಾಗಗಳು ಒಂದೊಂದೂ 4 ಸೇರಿಸುತ್ತವೆ. ಇವನ್ನು ತೆಗೆಯುವ ಕ್ರಿಯೆಗೆ ಸ್ಯಾಚುರೇಷನ್ ಎನ್ನುತ್ತಾರೆ. ತ ಗಳ ಐಡಿಯಲ್‌ನಿಂದ (ತ₀, ತ₁ ಹುಟ್ಟಿಸುವ ಬಹುಪದಿಗಳ ಗುಂಪಿನಿಂದ) ಒಮ್ಮೆ, ಸ ಗಳದ್ದರಿಂದ ಒಮ್ಮೆ ಮಾಡಿದಾಗ 16 ಇಳಿದು 8 ಆಯಿತು. ಸಾಮಾನ್ಯ ಪ್ರೊಜೆಕ್ಟಿವ್ ಆಕಾಶದಲ್ಲಿ ಎಲ್ಲಾ ಚರಗಳೂ ಒಟ್ಟಿಗೆ ಸೊನ್ನೆ ಆಗುವುದನ್ನು ಮಾತ್ರ ಬಿಡಬೇಕು. ಗುಣಲಬ್ಧದಲ್ಲಿ ಪ್ರತಿ ಗುಂಪನ್ನೂ ಬೇರೆ ಬೇರೆಯಾಗಿ ಕಾಯಬೇಕು. ಈ ವಿಷಯಕ್ಕೆ ಹೊಸಬರಾದವರು ಎಡವುವುದು ಹೆಚ್ಚಾಗಿ ಇಲ್ಲೇ.

8 ಸರಿಯೆಂದು ಕಂಡಿತು. ಆದರೆ ಬೇರೆ ಬೇರೆ ತೂತುಗಳ ಅಳತೆ ಹಾಕಿ ಬಿಡಿಸಿದಾಗಲೆಲ್ಲಾ ಎರಡು ಉತ್ತರಗಳು ಮಾತ್ರ ಅಲುಗುತ್ತಲೇ ಇರಲಿಲ್ಲ. ಆ ಸಂಜೆ ಕರೆಂಟ್ ಇರಲಿಲ್ಲ, ಲ್ಯಾಪ್‌ಟಾಪ್ ಆರಿತ್ತು. ಅವಳು ಕೈಲೆಕ್ಕಕ್ಕೆ ಕೂತಳು. −1ರ ವರ್ಗಮೂಲವನ್ನು ಐ ಎನ್ನೋಣ. ಮೊದಲ ಸಮೀಕರಣದಲ್ಲಿ ತ = ಐ, ಸ = ಐ ಹಾಕಿದರೆ 9 − 33 + 15 − 7 + 16 = 0. (−ಐ, −ಐ) ಹಾಕಿದರೂ ಸೊನ್ನೆ. ಬಾಡಿ 5 ಇದ್ದ ಸಮೀಕರಣದಲ್ಲೂ ಹಾಗೇ: 20 − 48 + 12 + 16 = 0. ಉದ್ದಗಳು ಏನೇ ಇರಲಿ, ಈ ಎರಡು ಬಿಂದುಗಳು ಪ್ರತಿ ನಾಲ್ಕು ಕೊಂಡಿಯ ವಕ್ರರೇಖೆಯ ಮೇಲೂ ಇರುತ್ತವೆ.

ಕಾರಣವೂ ಸಿಕ್ಕಿತು. ತಗಡಿನಲ್ಲಿ ತೂತನ್ನು ಬೇರೆ ಕೋನದಲ್ಲಿ ಕೊರೆಯುವುದೆಂದರೆ ತ ದ ಮೇಲೆ ಒಂದು ತಿರುಗುವಿಕೆ. ಪ್ರೊಜೆಕ್ಟಿವ್ ರೇಖೆಯ ಮೇಲೆ ಯಾವ ತಿರುಗುವಿಕೆಯೂ ಐ ಮತ್ತು −ಐ ಯನ್ನು ಅಲುಗಿಸುವುದಿಲ್ಲ. ಸಮತಲದ ಎಲ್ಲಾ ವೃತ್ತಗಳೂ ಅನಂತದ ಎರಡು ಕಾಲ್ಪನಿಕ ಬಿಂದುಗಳ ಮೂಲಕ ಹೋಗುತ್ತವೆ, ಅದಕ್ಕೇ ಎರಡು ವೃತ್ತಗಳು 4ರ ಬದಲು 2 ಕಡೆ ಮಾತ್ರ ಕತ್ತರಿಸುತ್ತವೆ ಎಂದು ಓದಿದ್ದೇವಲ್ಲ, ಅದೇ ಸಂಗತಿ ಇಲ್ಲಿ ಬೇರೆ ವೇಷದಲ್ಲಿದೆ. ಸಾಮಾನ್ಯ ಅಳತೆಗಳಿಗೆ ಎರಡು ವಕ್ರರೇಖೆಗಳು ಆ ಬಿಂದುಗಳಲ್ಲಿ ಒಂದನ್ನೊಂದು ಬರೀ ದಾಟುತ್ತವೆ, ಆದ್ದರಿಂದ ಪ್ರತಿಯೊಂದೂ 1 ಎಣಿಕೆ. ಉಳಿದದ್ದು 6.

6 ಸರಿ ಎಂದು ಇನ್ನೊಂದು ಕಡೆಯಿಂದಲೂ ಗೊತ್ತಾಗುತ್ತದೆ. ಕ್ರ್ಯಾಂಕಿನ ತಗಡನ್ನೇ ನೆಲ ಎಂದುಕೊಂಡರೆ ತೋಳಿನ ತಗಡು ಅದಕ್ಕೆ ಮೂರು ಕಾಲುಗಳಿಂದ ಕಟ್ಟಿದ ಹಲಗೆ ಆಗುತ್ತದೆ. ಎರಡು ಕಾಲು ರಾಡ್‌ಗಳು, ಮೂರನೆಯದು ಬಾಡಿ. ಮೂರು ಕಾಲಿನ ಇಂಥ ಸಮತಲ ಯಂತ್ರಕ್ಕೆ ಹೆಚ್ಚೆಂದರೆ 6 ಸ್ಥಿತಿಗಳು ಎಂಬುದು ರೋಬಾಟ್ ವಿಜ್ಞಾನದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಮಾವನಿಗೆ ಕೊಟ್ಟ ಉತ್ತರ: ಹೆಚ್ಚೆಂದರೆ 6 ಕಡೆ ಕೂರುತ್ತದೆ, ಕೂತಲ್ಲಿಂದ ಅಲುಗುವುದಿಲ್ಲ. ನಿಜವಾಗಿ ಎಷ್ಟು ಕಡೆ ಎಂಬುದು ತೂತುಗಳ ಜಾಗದ ಮೇಲೆ ಹೋಗುತ್ತದೆ, ಒಂದೂ ಇಲ್ಲದಿರಬಹುದು. ಮಾವ ಆ ಕಾಗದವನ್ನು ಗ್ಯಾರೇಜಿನಲ್ಲಿ ಇಟ್ಟುಕೊಂಡರು, ಗಿರಾಕಿಗಳಿಗೆ ತೋರಿಸಲು.

ಒಂದು ಅಪವಾದವನ್ನೂ ವರದಿಗೆ ಸೇರಿಸಲು ಹೇಳಿದೆ. ಕ್ರ್ಯಾಂಕೂ ತೋಳೂ ಸಮ, ರಾಡೂ ಬಾಡಿಯೂ ಸಮ ಇದ್ದರೆ ಸಮೀಕರಣ ಎರಡು (1, 1) ತುಂಡುಗಳಾಗಿ ಒಡೆಯುತ್ತದೆ. ಒಂದು ತುಂಡು ತ = ಸ, ಅಂದರೆ ಎರಡೂ ಒಟ್ಟಿಗೆ ಸಮಾಂತರವಾಗಿ ಸುತ್ತುವುದು. ಎರಡನೇ ರಾಡನ್ನೂ ಅದೇ ಥರ ಸಮಾಂತರವಾಗಿ ಹಾಕಿದರೆ ತ = ಸ ಎರಡರಲ್ಲೂ ಇರುತ್ತದೆ. ಸೇರುವ ಬಿಂದುಗಳು ಎಣಿಕೆಗೆ ಸಿಗುವುದಿಲ್ಲ, ಯಂತ್ರ ಜಾಮ್ ಆಗದೆ ಓಡುತ್ತದೆ. ಹಳೆಯ ರೈಲು ಎಂಜಿನ್ ಚಕ್ರಗಳ ಪಕ್ಕದ ರಾಡ್ ಕೆಲಸ ಮಾಡುವುದು ಹೀಗೇ. 8 ಎಂಬ ಸಂಖ್ಯೆ ನಂಬಬೇಕಾದರೆ ಎರಡು ವಕ್ರರೇಖೆಗಳಿಗೆ ಹಂಚಿಕೊಂಡ ತುಂಡು ಇಲ್ಲ ಎಂದು ಮೊದಲು ನೋಡಲೇಬೇಕು.

ಬೇರೆಯವರ ಕೆಲಸಕ್ಕೆ ಬರುವುದು

16ರಿಂದ 8, 8ರಿಂದ 6. ಎರಡು ಸಲ ಕಳೆದೆವು, ಆದರೆ ಎರಡೂ ಒಂದೇ ರೀತಿಯ ಕಳೆಯುವಿಕೆ ಅಲ್ಲ. ಮೊದಲ 8 ಬಿಂದುಗಳೇ ಆಗಿರಲಿಲ್ಲ, ಜಾಗ ತಪ್ಪಾಗಿ ಹಿಡಿದದ್ದರಿಂದ ಹುಟ್ಟಿದ ಎಣಿಕೆ. ನಂತರದ 2 ನಿಜವಾದ ಬಿಂದುಗಳೇ, ಗಣಿತಕ್ಕೆ ಬೇಕಾದವೇ, ಆದರೆ ಯಾವ ಜೀಪಿನಲ್ಲೂ ಆ ಸ್ಥಿತಿ ಬರುವುದಿಲ್ಲ. ವರದಿಯಲ್ಲಿ ಈ ಎರಡನ್ನೂ ಒಂದೇ ವಾಕ್ಯದಲ್ಲಿ "ಬೇಡದ ಉತ್ತರಗಳು" ಎಂದು ಬರೆದಿದ್ದಳು. ಬೇರೆ ಬೇರೆ ಅಧ್ಯಾಯಕ್ಕೆ ಹಾಕಿಸಿದೆ. ಮೊದಲನೆಯದು ಜಾಗದ ಬಗ್ಗೆ, ಎರಡನೆಯದು ಯಂತ್ರದ ಬಗ್ಗೆ.

ಜಾಗ ಆರಿಸುವಾಗ ನಾವು ಕೇಳಿಕೊಂಡ ಪ್ರಶ್ನೆ ಒಂದೇ: ಅನಂತದಲ್ಲಿ ಯಂತ್ರ ಏನು ಮಾಡುತ್ತಿದೆ? ವೈಪರಿನಲ್ಲಿ ತ ಅನಂತ ಆಗುವುದು ಪ್ರತಿ ಸುತ್ತಿನಲ್ಲೂ ಬರುವ ಮಾಮೂಲಿ ಕ್ಷಣ. ಚರಗಳು ಬೇರೆ ಬೇರೆ ವಸ್ತುಗಳನ್ನು ಅಳೆಯುತ್ತಿದ್ದರೆ, ಒಂದು ಅನಂತಕ್ಕೆ ಹೋದಾಗ ಇನ್ನೊಂದು ಸಾಮಾನ್ಯ ಬೆಲೆಯಲ್ಲೇ ಇರಬಹುದಾದರೆ, ಗುಣಲಬ್ಧವನ್ನೇ ಮೊದಲು ಪರೀಕ್ಷಿಸಬೇಕು ಎಂದು ನನ್ನ ಅಭಿಪ್ರಾಯ.

ಮಾವನ ಆಕ್ಷೇಪವನ್ನು ವರದಿಯ ಮುನ್ನುಡಿಯಲ್ಲಿ ಬಿಡಬೇಡ, ಒಳಗೇ ಹಾಕು ಎಂದೂ ಹೇಳಿದೆ. ಮೊದಲ ಕರಡಿನ ತಪ್ಪನ್ನು ಹಿಡಿದದ್ದು ಅದೇ.

ಮುಂದೆ

ಈಗ ಅವಳು ಹಿಡಿದಿರುವುದು ಒಂದೇ ಮೋಟರಿನಿಂದ ಎರಡು ವೈಪರ್ ಓಡುವ ಗಾಡಿ. ಕ್ರ್ಯಾಂಕಿಗೆ ತ, ಎಡ ತೋಳಿಗೆ ಸ, ಬಲ ತೋಳಿಗೆ ಇನ್ನೊಂದು ಚರ. ಜಾಗ ಮೂರು ಪ್ರೊಜೆಕ್ಟಿವ್ ರೇಖೆಗಳ ಗುಣಲಬ್ಧ. ಒಂದು ಸಮೀಕರಣದ ಘಾತ (2, 2, 0), ಇನ್ನೊಂದರದು (2, 0, 2). ಲೆಕ್ಕ ಹಾಕಿದರೆ ಜೀನಸ್ 5 ಬರುತ್ತದೆ. ಎರಡೂ ತೋಳುಗಳು ಮೊದಲಿನ ವೈಪರಿನ ಹಾಗೆ ಹೋಗಿ ಬರುವಂಥವಾದರೆ ನೈಜ ಭಾಗದಲ್ಲಿ 4 ಬೇರೆ ಬೇರೆ ಸುತ್ತುಗಳಿವೆ. ಹಾರ್ನಾಕ್ ಮಿತಿ 6 ತನಕ ಬಿಡುತ್ತದೆ. ಬಲ ತೋಳಿನ ಅಳತೆಯನ್ನು ಮಾತ್ರ ಚಪ್ಪಟೆಯಾಗುವ ಗಡಿಗೆ ತಂದರೆ ವಕ್ರರೇಖೆ ಎರಡು ಕಡೆ ತನ್ನನ್ನು ದಾಟುತ್ತದೆ, ಜೀನಸ್ 3ಕ್ಕೆ ಇಳಿಯುತ್ತದೆ, ಆ 4 ಸುತ್ತುಗಳು ಎರಡೆರಡಾಗಿ ಸೇರಿ 2 ಆಗುತ್ತವೆ. ಆಗ ಎಡ ವೈಪರ್ ತನ್ನ ಕಡೆ ಬಿಟ್ಟು ಕದಲುವುದಿಲ್ಲ, ಬಲದ್ದು ಮಾತ್ರ ಎರಡೂ ಕಡೆ ಹೋಗಬಲ್ಲದು.